ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣದಿದ್ದರೆ ಗಡ್ಡೆ ಇಲ್ಲವೆಂದೇ?

ಪ್ರಶ್ನೆ: ನಮ್ಮ ತಾಯಿಗೆ 48 ವರ್ಷ. ಸಕ್ಕರೆ ಕಾಯಿಲೆ ಇಲ್ಲ. ಬೆಳಗಿನ ಜಾವ ಎಬ್ಬಿಸಿದರೆ ತೊದಲುತ್ತಾರೆ, ಒಮ್ಮೊಮ್ಮೆ ನಮ್ಮ ಗುರುತೇ ಹತ್ತುವುದಿಲ್ಲ. ಫಿಟ್ಸ್ ಎಂದು ಮಾತ್ರೆ ನಡೆಯುತ್ತಿದೆ. ಶ್ರಾವಣ ಸೋಮವಾರದ ಉಪವಾಸದಲ್ಲಿ ಕುಸಿದು ಬಿದ್ದಾಗ ರಕ್ತದ ಸಕ್ಕರೆ 38 ಇತ್ತು, ಗ್ಲೂಕೋಸ್ ಏರಿಸಿದೊಡನೆ ಸರಿಹೋದರು. ಇನ್ಸುಲಿನೋಮಾ (ಮೇದೋಜೀರಕ ಗ್ರಂಥಿಯಲ್ಲಿ ಬೆಳೆದು ಇನ್ಸುಲಿನ್ ಸುರಿಸುವ ಗಡ್ಡೆ) ಇರಬಹುದು ಎನ್ನುತ್ತಾರೆ ವೈದ್ಯರು. ಆದರೆ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಂಡಿಲ್ಲ. ಈಗ ಬೆಂಗಳೂರಿನಲ್ಲಿ 72 ಗಂಟೆ ಉಪವಾಸ ಇರಿಸಬೇಕಂತೆ. ಹಸಿದರೆ ಬೀಳುವವರನ್ನು ಉಪವಾಸ ಕೆಡವುವುದು ಸರಿಯೇ? ಆಪರೇಷನ್ ಆದರೆ ಸಕ್ಕರೆ ಕಾಯಿಲೆ ಬರುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಆಸ್ಪತ್ರೆಯಲ್ಲಾದರೆ ಸರಿ. ಮನೆಯಲ್ಲಿ ಮಾತ್ರ ಪ್ರಯತ್ನಿಸಲೇಬೇಡಿ. ಸಕ್ಕರೆ ಇಳಿದಾಗ ಆರೋಗ್ಯವಂತರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸುರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ, ಈ ಗಡ್ಡೆ ನಿಲ್ಲಿಸುವುದಿಲ್ಲ. ಅದನ್ನು ಹಿಡಿಯಲೆಂದೇ ಉಪವಾಸ. ಅಂದು 38 ಇದ್ದಾಗ, ಗ್ಲೂಕೋಸ್ ಏರಿಸುವ ಮೊದಲೇ ರಕ್ತ ತೆಗೆದು ಇನ್ಸುಲಿನ್ ನೋಡಿದ್ದರೆ ಇದು ಬೇಕಾಗದೆಯೂ ಇರಬಹುದಿತ್ತು.

ನೀರು ಕುಡಿಯಬಹುದು. 6 ಗಂಟೆಗೊಮ್ಮೆ, ಸಕ್ಕರೆ 60ಕ್ಕೆ ಇಳಿದ ಮೇಲೆ 1–2 ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಹೆಚ್ಚಿನವರಲ್ಲಿ 48 ಗಂಟೆಯೊಳಗೇ ಉತ್ತರ ಸಿಗುತ್ತದೆ. ಸಕ್ಕರೆ 55ಕ್ಕಿಂತ ಕೆಳಗಿರುವಾಗ ಇನ್ಸುಲಿನ್ 3 ಮೈಕ್ರೋಯೂನಿಟ್ ಅಥವಾ ಹೆಚ್ಚು, ಸಿ-ಪೆಪ್ಟೈಡ್ (ದೇಹ ತಾನೇ ಇನ್ಸುಲಿನ್ ತಯಾರಿಸುವಾಗ ಜೊತೆಗೇ ಹೊರಬರುವ ತುಣುಕು) 0.6 ನ್ಯಾನೋಗ್ರಾಂ ಅಥವಾ ಹೆಚ್ಚು ಇದ್ದರೆ (ಎರಡೂ ಪ್ರತಿ ಮಿಲಿಲೀಟರ್‌ಗೆ) ಅನುಮಾನ ಗಟ್ಟಿಯಾಗುತ್ತದೆ. ಆ ಹೊತ್ತಿನ ಸಕ್ಕರೆಯನ್ನು ಲ್ಯಾಬಿನಲ್ಲೇ ಅಳೆಯಬೇಕು. ಇಷ್ಟು ಕೆಳಮಟ್ಟದಲ್ಲಿ ಗ್ಲುಕೋಮೀಟರ್ ನಂಬುವಂತಿಲ್ಲ. ಸಾದಾ ಟ್ಯೂಬಿನಲ್ಲಿ ಕೂತ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಇಳಿಯುವುದರಿಂದ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬೇಕು.

ಇನ್ನೊಂದು ಮಾತು: ಮನೆಯಲ್ಲಿ ಬೇರೆ ಯಾರಾದರೂ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಅದು ಅದಲುಬದಲಾಗಿ ಹೊಟ್ಟೆ ಸೇರಿದರೂ ಇದೇ ಅಂಕಿಗಳು ಬರುತ್ತವೆ. ಮಾತ್ರೆ ಡಬ್ಬಿಗಳನ್ನೆಲ್ಲ ವೈದ್ಯರಿಗೆ ತೋರಿಸಿ.

ಸಿ.ಟಿ. ಸರಿಯಿದೆ ಎಂದು ನಿರಾಳವಾಗಬೇಡಿ. ಈ ಗಡ್ಡೆಗಳಲ್ಲಿ ಸುಮಾರು ನೂರಕ್ಕೆ 90 ಭಾಗ 2 ಸೆಂ.ಮೀ.ಗಿಂತ ಚಿಕ್ಕವು, ಕ್ಯಾನ್ಸರ್ ಅಲ್ಲದವೂ ಹೆಚ್ಚುಕಡಿಮೆ ಅಷ್ಟೇ. ರಕ್ತದಲ್ಲಿ ಸಾಬೀತಾದ ಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯ ಮೂಲಕ ಕೊಳವೆ ಇಳಿಸಿ ಗ್ರಂಥಿಯನ್ನು ಹತ್ತಿರದಿಂದ ನೋಡುವ ಸ್ಕ್ಯಾನ್) ಮಾಡಿಸಿ. ಅದರಲ್ಲೂ ಸಿಗದಿದ್ದರೆ ಎಕ್ಸೆಂಡಿನ್ ಪೆಟ್ ಸ್ಕ್ಯಾನ್ (ಇಂಥ ಗಡ್ಡೆಗೆ ಅಂಟುವ ವಿಕಿರಣಶೀಲ ವಸ್ತುವನ್ನು ಚುಚ್ಚಿ ತೆಗೆಯುವ ಚಿತ್ರ) ಇದೆ. ಜಾಗ ಗೊತ್ತಾಗದೆ ಕುರುಡಾಗಿ ಗ್ರಂಥಿಯ ಬಾಲ ಕತ್ತರಿಸುವುದಕ್ಕೆ ಒಪ್ಪಬೇಡಿ.

ಆಪರೇಷನ್ ಟೇಬಲ್ ಮೇಲೆ ಗ್ರಂಥಿಗೇ ಅಲ್ಟ್ರಾಸೌಂಡ್ ಇಟ್ಟು, ಜೀರ್ಣರಸ ಹರಿಯುವ ಮುಖ್ಯ ನಾಳದಿಂದ ಗಡ್ಡೆ ಎಷ್ಟು ದೂರವಿದೆ ಎಂದು ನೋಡುತ್ತಾರೆ. 2–3 ಮಿ.ಮೀ.ಗಿಂತ ಹೆಚ್ಚಿದ್ದರೆ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ಗ್ರಂಥಿ ಉಳಿಯುವುದರಿಂದ ಸಕ್ಕರೆ ಕಾಯಿಲೆಯ ಭಯ ತೀರಾ ಕಡಿಮೆ. ಮೊದಲ ಕೆಲವು ದಿನ ಸಕ್ಕರೆ ಏರುವುದುಂಟು: ಇಷ್ಟು ಕಾಲ ಅದುಮಿಟ್ಟಿದ್ದ ಸಹಜ ಜೀವಕೋಶಗಳು ಎಚ್ಚರಗೊಳ್ಳಲು ಸಮಯ ಬೇಕು. ನಾಳಕ್ಕೆ ಅಂಟಿದ್ದರೆ ಗ್ರಂಥಿಯ ಭಾಗವನ್ನೇ ತೆಗೆಯಬೇಕಾಗುತ್ತದೆ, ಆಗ ಅಪಾಯ ಹೆಚ್ಚು. ಎರಡರಲ್ಲೂ ಕಾಡುವುದು ಜೀರ್ಣರಸದ ಸೋರಿಕೆ. ಮೂರನೇ ದಿನದ ಹೊತ್ತಿಗೆ ಡ್ರೈನ್ (ಹೊಟ್ಟೆಯಿಂದ ದ್ರವ ಹೊರತರಲು ಇಟ್ಟ ಟ್ಯೂಬ್) ದ್ರವದಲ್ಲಿ ಜೀರ್ಣರಸದ ಕಿಣ್ವವಾದ ಅಮೈಲೇಸ್ ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟು ದಾಟಿದ್ದರೆ ಟ್ಯೂಬ್ ಕೀಳಲು ಆತುರಪಡುವುದಿಲ್ಲ.

ಅಲ್ಲಿಯವರೆಗೆ ವ್ರತ ಬೇಡ. 2–3 ಗಂಟೆಗೊಮ್ಮೆ ಊಟ, ಮಲಗುವ ಮುನ್ನವೂ ತಿಂಡಿ, ನಡುರಾತ್ರಿ ಎಬ್ಬಿಸಿ ಒಮ್ಮೆ. ಬೆಂಗಳೂರಿಗೆ 260 ಕಿ.ಮೀ. ದಾರಿ, ಖಾಲಿ ಹೊಟ್ಟೆಯಲ್ಲಿ ಹೊರಡಿಸಬೇಡಿ. ಗ್ಲೂಕೋಸ್ ಪುಡಿ ಕೈಚೀಲದಲ್ಲಿರಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಹತ್ತಿರದ ಆಸ್ಪತ್ರೆಗೆ ಒಯ್ದು ಗ್ಲೂಕೋಸ್ ಡ್ರಿಪ್ ಹಾಕಿಸಿ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.