ಗಂಗಾವತಿಯ ದಲಾಲಿ ಅಂಗಡಿಗೂ ಮನೆಗೂ ಸೇರಿ ಒಂದೇ ಇಂಕ್ ಟ್ಯಾಂಕ್ ಪ್ರಿಂಟರ್ ಸಾಕಾ?

ಬೇಡ ಸರ್. ಅಂಗಡಿಯ ಬಿಲ್ಲು, ಲೆಕ್ಕದ ಹಾಳೆ, ಮಕ್ಕಳ ಬಣ್ಣದ ಪ್ರಾಜೆಕ್ಟ್ ಎಲ್ಲಾ ಒಂದರಲ್ಲೇ ಆಗಲಿ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ, ದಿನವೂ ಇವೇ ಮಷಿನ್‌ಗಳ ಜೊತೆ ಒದ್ದಾಟ. ನನ್ನ ಮಾತು ಕೇಳುವುದಾದರೆ ಅಂಗಡಿಗೆ ಕಪ್ಪು-ಬಿಳುಪಿನ ಲೇಸರ್ ತಗೊಳ್ಳಿ, ಬಣ್ಣದ ಹಾಳೆಗೆ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ.

ಇಂಕ್ ಟ್ಯಾಂಕ್‌ನಲ್ಲಿ ಒಂದು ಹಾಳೆಗೆ ತಗಲುವ ಖರ್ಚು ತುಂಬಾ ಕಡಿಮೆ, ಅದು ಸುಳ್ಳಲ್ಲ. ಆದರೆ ಆ ಲೆಕ್ಕ ಸರಿ ಹೋಗುವುದು ಮಷಿನ್ ಓಡುತ್ತಲೇ ಇದ್ದಾಗ. ನಿಮ್ಮ ವ್ಯಾಪಾರ ಹೇಗೆ? ಭತ್ತ ಬಂದಾಗ ರಾತ್ರಿಯವರೆಗೂ ಬಿಲ್ಲು, ಆಮೇಲೆ ವಾರಗಟ್ಟಲೆ ಪ್ರಿಂಟರ್ ಮೇಲೆ ಟವೆಲ್ ಹೊದಿಸಿ ಇಡುವುದು, ಅಲ್ವಾ? ಇಂಕ್ ಹೊರಬರುವ ತೂತುಗಳು ಕೂದಲಿಗಿಂತ ಸಣ್ಣವು. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿನಲ್ಲಿ ಸುಮ್ನೆ ಬಿಟ್ಟರೆ ಅಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಆಗ ಹೆಡ್ ಕ್ಲೀನಿಂಗ್ ಒತ್ತುತ್ತೀರಿ. ಅದು ಇಂಕ್ ಸುರಿದೇ ತೊಳೆಯುವುದು, ಸುರಿದ ಇಂಕೆಲ್ಲ ಒಳಗಿನ ಒಂದು ಪ್ಯಾಡ್‌ಗೆ ಇಳಿಯುತ್ತದೆ, ಪ್ಯಾಡ್ ತುಂಬಿತು ಅಂತ ಮಷಿನ್‌ಗೆ ಅನಿಸಿದ ದಿನ ಅದು ಪ್ರಿಂಟ್ ಕೊಡುವುದನ್ನೇ ನಿಲ್ಲಿಸುತ್ತದೆ. ಲೇಸರ್‌ನಲ್ಲಿ ಇರುವುದು ಒಣ ಪುಡಿ. ಎರಡು ತಿಂಗಳು ಬಿಟ್ಟು ಆನ್ ಮಾಡಿದರೂ ಮೊದಲ ಹಾಳೆಯೇ ಚೆನ್ನಾಗಿ ಬರುತ್ತದೆ.

ಈಗ ಲೇಸರ್‌ನ ತಕರಾರು. ಪುಡಿಯನ್ನು ಹಾಳೆಗೆ ಅಂಟಿಸಲು ಒಳಗಿನ ರೋಲರ್ ಸುಮಾರು 200 ಡಿಗ್ರಿ ಕಾಯಬೇಕು. ಕಾಯುವಾಗ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರ್‌ಗೆ ಇಟ್ಟ ಸಣ್ಣ ಯುಪಿಎಸ್‌ಗೆ ಇದನ್ನೂ ಸಿಕ್ಕಿಸಿದರೆ ಕುಂಯ್ ಅಂತ ಕೂಗಿ ಎಲ್ಲವೂ ಆಫ್. ಇಂಕ್ ಟ್ಯಾಂಕ್‌ಗೆ ಹತ್ತಿಪ್ಪತ್ತು ವ್ಯಾಟ್ ಸಾಕು. ಹಾಗಾಗಿ ನಿಮ್ಮ ಅಂಗಡಿ ಸಾಲಿನಲ್ಲಿ ಹಗಲು ಹೊತ್ತು ಜಾಸ್ತಿ ಕರೆಂಟ್ ಹೋಗುತ್ತಿದ್ದರೆ, ಅದೇ ಹೊತ್ತಿಗೆ ಬಿಲ್ಲು ಕೊಡಲೇಬೇಕಾದರೆ, ನಾನು ಮೇಲೆ ಹೇಳಿದ್ದನ್ನು ಬಿಟ್ಟುಬಿಡಿ. ಇಂಕ್ ಟ್ಯಾಂಕೇ ತಗೊಳ್ಳಿ, ವಾರಕ್ಕೊಮ್ಮೆ ಎಲ್ಲಾ ಬಣ್ಣ ಇರುವ ಒಂದು ಹಾಳೆ ತೆಗೆಯಿರಿ.

ಯಾವುದೇ ತಗೊಂಡರೂ ಏರ್ ಕೂಲರ್ ಎದುರು ಮಾತ್ರ ಇಡಬೇಡಿ. ನೀರಿನ ಗಾಳಿಗೆ ಹಾಳೆ ತೇವ ಹಿಡಿಯುತ್ತದೆ, ಲೇಸರ್‌ನ ಬಿಸಿಗೆ ಹಪ್ಪಳದ ಹಾಗೆ ಸುರುಳಿ ಸುತ್ತಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬೈಸಿಕೊಳ್ಳುವುದು ಪ್ರಿಂಟರ್.

ರೈತರಿಗೆ ಕೊಡುವ ಪಟ್ಟಿ ಕಾರ್ಬನ್ ಹಾಕಿ ಎರಡು-ಮೂರು ಪ್ರತಿ ಒಟ್ಟಿಗೆ ಬೇಕಾದರೆ ಡಾಟ್ ಮ್ಯಾಟ್ರಿಕ್ಸ್ ಒಂದೇ ದಾರಿ. ಅದು ಪಿನ್ನಿನಿಂದ ಕುಟ್ಟುತ್ತದೆ, ಇವೆರಡೂ ಕುಟ್ಟಲ್ಲ. ಸದ್ದು ಜಾಸ್ತಿ, ಏನು ಮಾಡೋದು.

ಟೋನರ್, ಅಂದರೆ ಲೇಸರ್‌ನ ಪುಡಿ, ಅದರ ಡಬ್ಬದ ಮೇಲಿನ ಪುಟದ ಲೆಕ್ಕ ಪೂರ್ತಿ ನಂಬಬೇಡಿ. ಎಚ್‌ಪಿ 12ಎ ಟೋನರ್‌ಗೆ 2000 ಪುಟ ಅಂತಾರೆ, ಅದು ಹಾಳೆಯಲ್ಲಿ ಸುಮಾರು 5% ಜಾಗ ಮಾತ್ರ ಕಪ್ಪಾದರೆ ಬರುವ ಲೆಕ್ಕ. ಗೆರೆ ಹಾಕಿದ ಟ್ಯಾಲಿ ಬಿಲ್ಲು, ಫೋಟೋ ಇರುವ ಆಧಾರ್ ಜೆರಾಕ್ಸ್ ಇದ್ದರೆ ಬೇಗ ಖಾಲಿ. ಹೊಸ ಮಷಿನ್ ಜೊತೆ ಬರುವ ಟೋನರ್ ಹಲವು ಮಾಡೆಲ್‌ಗಳಲ್ಲಿ ಪೂರ್ತಿ ತುಂಬಿರುವುದೂ ಇಲ್ಲ. ಈಗಿನ ಕೆಲವು ಕಾಟ್ರಿಡ್ಜ್‌ಗಳಲ್ಲಿ ಚಿಪ್ ಇರುತ್ತದೆ, ಪುಡಿ ತುಂಬಿಸಿದರೂ ಮಷಿನ್ ಒಪ್ಪಲ್ಲ. ಆದ್ದರಿಂದ ಮಾಡೆಲ್ ಆರಿಸುವ ಮೊದಲು ಗಂಗಾವತಿಯಲ್ಲೇ ರೀಫಿಲ್ ಮಾಡುವವರ ಹತ್ತಿರ ಹೋಗಿ, ಯಾವುದಕ್ಕೆ ಪುಡಿ ತುಂಬಿಸುತ್ತೀರಿ ಅಂತ ಕೇಳಿ. ಪ್ರಿಂಟರ್ ಮಾರುವವರಿಗಿಂತ ಅವರು ನೇರವಾಗಿ ಹೇಳುತ್ತಾರೆ.

ಜೆರಾಕ್ಸ್, ಸ್ಕ್ಯಾನ್ ಸೇರಿದ ಮಷಿನ್ ನೋಡುತ್ತಿದ್ದರೆ ಇನ್ನೊಂದು ವಿಷಯ. ಬಾಡಿಗೆ ಕರಾರು, ಬಾಂಡ್ ಪೇಪರ್ ಎಲ್ಲಾ ಲೀಗಲ್ ಸೈಜ್, ಅಂದರೆ 356 ಮಿಲಿಮೀಟರ್ ಉದ್ದ. ಎ4 ಬರೀ 297. ಲೀಗಲ್ ಹಾಳೆಯ ಮೇಲೆ ಪ್ರಿಂಟ್ ಬರುತ್ತದೆ, ಆದರೆ ಸಣ್ಣ ಮಷಿನ್‌ಗಳಲ್ಲಿ ಜೆರಾಕ್ಸ್‌ಗೆ ಹಾಳೆ ಇಡುವ ಗಾಜು ಸಾಮಾನ್ಯವಾಗಿ ಎ4 ಅಷ್ಟೇ. ಕೆಳಗಿನ ಸಹಿಗಳೇ ಕಟ್ ಆಗುತ್ತವೆ. ಮೇಲಿನಿಂದ ಹಾಳೆ ಎಳೆದುಕೊಳ್ಳುವ ಎಡಿಎಫ್ ಇರುವುದು ಬೇಕು. ಮನೆಯಲ್ಲಿರುವ ಒಂದು ಹಳೆ ಕರಾರು ಪತ್ರ ಅಂಗಡಿಗೆ ಒಯ್ದು, ದುಡ್ಡು ಕೊಡುವ ಮೊದಲು ಅಲ್ಲೇ ಜೆರಾಕ್ಸ್ ಮಾಡಿಸಿ ನೋಡಿ.