ಕೊರೊನಾ ಹೋದರೂ ಅಪ್ಪ ಕೋಣೆ ಬಿಡುತ್ತಿಲ್ಲ

ಪ್ರಶ್ನೆ: ಅಪ್ಪನಿಗೆ 69 ವರ್ಷ. ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗಿ ದಮ್ಮು ಹತ್ತುವ ಬಹುಕಾಲದ ಶ್ವಾಸಕೋಶದ ಕಾಯಿಲೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಕೋಣೆ ಸೇರಿದವರು ಇವತ್ತಿಗೂ ಸರಿಯಾಗಿ ಹೊರಗೆ ಬಂದಿಲ್ಲ. ನೆಂಟರು ಬಂದರೆ ಬಾಗಿಲು ಹಾಕಿಕೊಳ್ಳುತ್ತಾರೆ. ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ಬೆರಳಿನಿಂದ ಇಳಿಯುವುದೇ ಇಲ್ಲ. ಆದರೆ ಬೆಳಿಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕುವವರು ಅವರೇ! ಆರು ವಾರ ಕಳೆದರೆ ಅಕ್ಕನ ಮಗಳ ಮದುವೆ, ಬರೋದಿಲ್ಲ ಅಂತಾರೆ. ಸಿಟ್ಟಿನಲ್ಲಿ 'ನಿಮ್ದು ಬರೀ ಪುಕ್ಕಲುತನ' ಅಂದುಬಿಟ್ಟೆ. ಮಾತು ಬಿಟ್ಟಿದ್ದಾರೆ.
– ತೀರ್ಥಹಳ್ಳಿ ಕಡೆಯ ಮಗಳು

ಉತ್ತರ: ಮೊದಲು ಆ ಮಾತು ವಾಪಸ್ ತಗೊಳ್ಳಿ ತಂಗಿ. ದಮ್ಮು ಹತ್ತಿದಾಗ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ. ಎದೆ ತುಂಬಿಯೇ ಇರುತ್ತದೆ, ಮತ್ತೆ ಉಸಿರು ಎಳೆಯೋಣವೆಂದರೆ ಜಾಗವಿಲ್ಲ. ಇದನ್ನು ಅನುಭವಿಸಿದವರು 2021ರ ಮೇ ತಿಂಗಳಲ್ಲಿ ಟಿವಿ ಮುಂದೆ ಕೂತು, ಚಾಮರಾಜನಗರದಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತ ಸುದ್ದಿ ನೋಡಿದ್ದಾರೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆಗ ಕೋಣೆ ಸೇರಿದ್ದೂ ಸರಿಯೇ.

ಈಗ ಲೆಕ್ಕ ಸ್ವಲ್ಪ ತಪ್ಪಿದೆ. ರೋಗ ತಗಲುವುದು ಬೇರೆ, ತಗಲಿದ ಮೇಲೆ ತಾಳಿಕೊಳ್ಳುವುದು ಬೇರೆ. ಸಿಒಪಿಡಿ ಇದೆ ಅಂತ ಕೊರೊನಾ ಅವರನ್ನೇ ಹುಡುಕಿಕೊಂಡು ಬರುವುದಿಲ್ಲ. ಬಂದರೆ ಮಾತ್ರ ಬೇರೆಯವರಿಗಿಂತ ಜಾಸ್ತಿ ಕಾಡುತ್ತದೆ. ಎರಡನ್ನೂ ಒಂದೇ ಅಂದುಕೊಂಡವರಿಗೆ ಮೊಮ್ಮಗಳೂ ರೋಗದ ಹಾಗೆ ಕಾಣುತ್ತಾಳೆ, ಅಲ್ವಾ?

ಕೋಣೆಯಲ್ಲಿ ಕೂತೂ ಕೂತೂ ಕಾಲಿನ ಶಕ್ತಿ ಹೋಗುತ್ತದೆ. ನಾಲ್ಕು ಹೆಜ್ಜೆಗೇ ಏದುಸಿರು. ಅವರು ಅದನ್ನು ರೋಗ ಏರಿತು ಅಂತ ತಿಳಿದು ಇನ್ನೂ ಒಳಗೆ ಸರಿಯುತ್ತಾರೆ. ನನಗೆ ಕೊರೊನಾಕ್ಕಿಂತ ಇದರದ್ದೇ ಚಿಂತೆ.

ಒಲೆಯ ವಿಷಯಕ್ಕೂ ಬೈಯಬೇಡಿ. ಹುಟ್ಟಿದಾಗಿನಿಂದ ನೋಡಿದ ಹೊಗೆ, ಅದಕ್ಕೆ ಹೆದರಬೇಕು ಅಂತ ಯಾರಿಗೆ ಹೊಳೆಯುತ್ತದೆ? ಆದರೆ ಅವರ ಶ್ವಾಸಕೋಶಕ್ಕೆ ದಿನಾ ಪೆಟ್ಟು ಕೊಡುತ್ತಿರುವುದು ಅದೇ ಹೊಗೆ. ಗೀಸರ್ ಹಾಕಿಸಿ. ಅಲ್ಲಿಯವರೆಗೆ ಅವರನ್ನು ಬಚ್ಚಲೊಲೆಯಿಂದ ದೂರ ಇಡಿ.

ಆಮೇಲೆ ಶ್ವಾಸಕೋಶದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪ್ರತಿ ವರ್ಷದ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ, ಕೊರೊನಾ ಡೋಸ್ ಬಗ್ಗೆ ಕೇಳಿ. ಆಕ್ಸಿಮೀಟರ್‌ನಲ್ಲಿ ಅವರಿಗೆ ಎಷ್ಟು ಇದ್ದರೆ ಸಾಕು ಅಂತಲೂ ಕೇಳಿ. ಸಿಒಪಿಡಿ ಜೋರಾಗಿರುವ ಕೆಲವರಿಗೆ 88ರಿಂದ 92 ಇದ್ದರೂ ಸಾಕು ಅನ್ನುತ್ತಾರೆ; 98 ಬರಲಿಲ್ಲ ಅಂತ ದಿನವಿಡೀ ಕೊರಗಬೇಕಿಲ್ಲ. ಡಾಕ್ಟರು ಹೇಳಿದ ಸಂಖ್ಯೆ ಬರೆದು ಅವರ ಕಣ್ಣಿಗೆ ಬೀಳುವಲ್ಲಿ ಗೋಡೆಗೆ ಅಂಟಿಸಿ. ಇನ್ಹೇಲರ್ ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಕಫ ಹಳದಿಯೋ ಹಸಿರೋ ಆದರೆ, ದಮ್ಮು ಏರಿದರೆ, ಅವತ್ತೇ ಡಾಕ್ಟರಿಗೆ ತೋರಿಸಿ.

ಮದುವೆಗೆ ಇಡೀ ದಿನ ಬೇಡ, ಮುಹೂರ್ತದ ಹೊತ್ತಿಗೆ ಬರಲಿ. ಬಾಗಿಲ ಹತ್ತಿರ, ಗಾಳಿ ಆಡುವ ಕಡೆ ಕುರ್ಚಿ ಹಾಕಿಸಿ, ಹೋಮದ ಹೊಗೆಯಿಂದ ದೂರ. ಮೂಗು ಬಾಯಿ ಸರಿಯಾಗಿ ಮುಚ್ಚುವ ಮಾಸ್ಕ್ ಇರಲಿ. ಊಟದ ಪಂಕ್ತಿಯಲ್ಲಿ ಕೂರಿಸುವುದು ಬೇಡ, ಎಲೆ ಹೊರಗಡೆಗೇ ಬರಲಿ. ನೆಗಡಿ ಆದವರು ಕಾಲಿಗೆ ನಮಸ್ಕಾರ ಮಾಡಲು ಬಂದರೆ ನೀವೇ ಅಡ್ಡ ನಿಂತು ದೂರದಿಂದ ಅಂತ ಹೇಳಿ. ಆ ಮಾತನ್ನು ಅವರ ಬಾಯಿಂದ ಆಡಿಸಬೇಡಿ.

ಡಾಕ್ಟರು ಹೂಂ ಅಂದ ದಿನವೇ ಸಂಜೆ ತುಳಸಿಕಟ್ಟೆಯವರೆಗೆ ಅವರ ಜೊತೆ ನಡೆಯಿರಿ. ಸಾಕು ಅಂದಲ್ಲಿ ನಿಲ್ಲಿ. ನಡೆಯುವಾಗ ಮಾತಾಡಿಸಬೇಡಿ. ಕ್ಷಮೆ ಕೇಳುವುದಿದ್ದರೆ ಕಟ್ಟೆಯ ಮೇಲೆ ಕೂತ ಮೇಲೆ ಕೇಳಿ.