ರೇಡಿಯೇಟರ್‌ಗೆ ಹೆಚ್ಚು ಗಾಳಿ ಹೋಗುವಂತೆ ಮನೆಯಲ್ಲೇ ಪ್ಯಾನೆಲ್ ಮಾಡಿ ಹಾಕಿದರೆ ಕಾರಿನ ಎಂಜಿನ್ ತಂಪಾಗಿರುತ್ತದೆಯೇ?

ಕಾರು ಓಡುವಾಗ ಬಿಸಿ ಏರುತ್ತಿದ್ದರೆ ಉಪಯೋಗ ಇದೆ. ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಏರುತ್ತಿದ್ದರೆ ಪ್ಯಾನೆಲ್ ಸುಮ್ನೆ ದಂಡ, ಫ್ಯಾನ್ ನೋಡಿಸಿ. ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಮಟ್ಟ, ಅದರ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಎರಡನ್ನೂ ಹೇಗಿದ್ದರೂ ಮೊದಲು ಪರೀಕ್ಷಿಸಿ.

ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ರೇಡಿಯೇಟರ್‌ನ ಒತ್ತೊತ್ತಾದ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ನಡುವೆ ನುಗ್ಗುವುದಕ್ಕಿಂತ ಪಕ್ಕದ ಸಂದಿಯಲ್ಲಿ ಜಾರಿಕೊಳ್ಳುವುದೇ ಅದಕ್ಕೆ ಸಲೀಸು, ಅಲ್ವಾ? ಹಾಗಾಗಿ ಗ್ರಿಲ್‌ನಿಂದ ರೇಡಿಯೇಟರ್‌ವರೆಗಿನ ಸಂದಿಗಳನ್ನು ಪ್ಯಾನೆಲ್‌ನಿಂದ ಮುಚ್ಚಬೇಕು. ಮೊದಲು ರಟ್ಟಿನಲ್ಲಿ ಅಳತೆಗೆ ಕತ್ತರಿಸಿ, ಕೂರಿಸಿ ನೋಡಿ. ಬಾನೆಟ್ ಲಾಕ್, ಹಾರ್ನ್, ವೈರ್‌ಗಳ ಹತ್ತಿರ ರಟ್ಟನ್ನು ನಾಲ್ಕೈದು ಸಲ ತಿದ್ದಬೇಕಾಗುತ್ತದೆ. ತಾಳ್ಮೆ ಬೇಕಾಗುವುದು ಇಲ್ಲೇ. ಆಮೇಲೆ ಅದೇ ಆಕಾರವನ್ನು 1 ಮಿ.ಮೀ. ಅಲ್ಯೂಮಿನಿಯಂ ಶೀಟ್‌ನಲ್ಲಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಪಟ್ಟಿ ಹಾಕಿ. ಇಲ್ಲದಿದ್ದರೆ ಅದುರಿ ಅದುರಿ ಹೋಸ್ ಕುಯ್ದುಬಿಡುತ್ತದೆ. ಉಳಿದ ಸಣ್ಣ ಸಂದಿಗೆ ಫೋಮ್ ಪಟ್ಟಿ ಸಾಕು. ಈಗಾಗಲೇ ಇರುವ ಬೋಲ್ಟ್ ತೂತುಗಳನ್ನೇ ಬಳಸಿ. ರೇಡಿಯೇಟರ್‌ಗೆ ಸ್ಕ್ರೂ ಹೊಡೆಯಬೇಡಿ. ಏರ್‌ಬ್ಯಾಗ್ ಸೆನ್ಸರ್ ಇರುವ ಜಾಗ ಮುಟ್ಟಲೇಬೇಡಿ.

ಒಳಗೆ ಬಂದ ಗಾಳಿ ಹೊರಗೂ ಹೋಗಬೇಕು. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದರೆ ಗಾಳಿ ಜಾಸ್ತಿ ಆಡುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಕಾರುಗಳಲ್ಲಿ ಆಗುವುದು ಉಲ್ಟಾ: ಕೆಳಗಿನಿಂದ ಗಾಳಿ ನುಗ್ಗಿ, ರೇಡಿಯೇಟರ್ ಹಿಂದೆ ಒತ್ತಡ ಏರಿ, ಮುಂದಿನಿಂದ ಬರುವ ಗಾಳಿಯೇ ಕಡಿಮೆಯಾಗುತ್ತದೆ. ಆ ತಟ್ಟೆ ಕಳೆದುಹೋಗಿದ್ದರೆ ಮೊದಲು ಅದನ್ನೇ ಹಾಕಿಸಿ.